ಪೆನ್ಸಿಲ್ಲಿನಲ್ಲಿ ಬರೆದಿಟ್ಟು ಗಾಡಿ ಮಾರಿದ ಮಹನೀಯರಿಗೆ

ಮಾನ್ಯ ಹಿಂದಿನ ಮಾಲೀಕರೇ,

ತಮಗೂ ತಮ್ಮ ಮನೆಯವರಿಗೂ ನನ್ನ ನಮಸ್ಕಾರಗಳು. ತಾವೆಲ್ಲರೂ ಆರೋಗ್ಯವಾಗಿದ್ದೀರಿ, ತಮ್ಮ ಈಗಿನ ಮನೆಯ ಚಾವಣಿ ಸೋರುತ್ತಿಲ್ಲ, ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರು ಮಾತ್ರ ಬರುತ್ತಿದೆ ಎಂದು ನಂಬಿದ್ದೇನೆ. ನಾನು ತಮ್ಮ ಹಳೆಯ ಕ್ಯಾಂಪರ್ ವ್ಯಾನಿನ ಈಗಿನ ಮಾಲೀಕಳು. ಬಿಳಿ ಬಣ್ಣ, ಪಕ್ಕಕ್ಕೆ ಹಸಿರು ಪಟ್ಟೆ, ಒಳಗೆ ಒಂದು ಮಂಚ, ಎರಡು ಉರಿಯ ಒಲೆ, ಪಾತ್ರೆ ತೊಳೆಯಲು ಒಂದು ತೊಟ್ಟಿ, ಪಕ್ಕದಲ್ಲಿ ಒಂದು ಜಾರುಬಾಗಿಲು. ಆ ಜಾರುಬಾಗಿಲು ಜಾರುವುದೊಂದನ್ನು ಬಿಟ್ಟು ಬೇರೆಲ್ಲ ಮಾಡುತ್ತದೆ ಎಂದರೆ ತಮಗೆ ಗುರುತು ಹತ್ತಬಹುದು.

ಖಾಸಗಿಯಾಗಿ ಬರೆಯಬೇಕಾದ್ದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಮನ್ನಿಸಬೇಕು. ಗಾಡಿಯ ಕಾಗದದಲ್ಲಿದ್ದ ವಿಳಾಸಕ್ಕೆ ಮೂರು ಪತ್ರ ಹಾಕಿದೆ. ಮೂರೂ 'ಈ ಹೆಸರಿನವರು ಇಲ್ಲಿಲ್ಲ' ಎಂಬ ಷರಾ ಹೊತ್ತು ತವರಿಗೆ ಬಂದವು. ತಮ್ಮ ಹೆಸರನ್ನು ಇಲ್ಲಿ ಬಯಲಿಗೆ ಎಳೆಯುವುದಿಲ್ಲ, ಅಷ್ಟು ಮರ್ಯಾದೆ ನನಗಿದೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಬ್ಬರಿದ್ದರೆ ಸಾಕು, ಪತ್ರ ತಲುಪಿದಂತೆಯೇ.

ನನ್ನ ಪರಿಚಯವನ್ನೂ ಹೇಳಬೇಕು. ಓದಿದ್ದು ಹೈಸ್ಕೂಲಿನವರೆಗೆ. ಮೂವತ್ತೆಂಟು ವರ್ಷ ಲಾಂಡ್ರಿ ನಡೆಸಿದೆ. ಒಗೆದು ಇಸ್ತ್ರಿ ಮಾಡಿದ ಬಟ್ಟೆಯನ್ನು ಮನೆಮನೆಗೆ ತಲುಪಿಸುವ ವ್ಯಾನನ್ನೂ ನಾನೇ ಓಡಿಸಿದೆ. ಎಣ್ಣೆ, ಶಾಯಿ, ತುಕ್ಕು, ಮದುವೆಮನೆಯ ಸಾರು, ಯಾವ ಕಲೆ ಯಾವುದಕ್ಕೆ ಹೆದರುತ್ತದೆ ಎಂಬುದು ನನಗೆ ಬಾಯಿಪಾಠ. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ, ನಾನು ಮಗನನ್ನು ನೋಡಿಕೊಳ್ಳುತ್ತೇನೆ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಈ ಮನೆಯುಳ್ಳ ಗಾಡಿ ಏಕೆ ಬೇಕಾಯಿತು ಎಂದು ತಾವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ತಮ್ಮ ಪೆನ್ಸಿಲ್ಲಿನಿಂದ ಆದ ಅನರ್ಥದ ಪ್ರಮಾಣ ತಿಳಿಯಬೇಕಾದರೆ ಇದು ತಿಳಿದಿರಬೇಕು.

ನನಗೊಬ್ಬಳು ತಂಗಿ. ನನಗಿಂತ ಐದು ವರ್ಷ ಚಿಕ್ಕವಳು, ನಾಲ್ಕು ಬೆರಳು ಎತ್ತರದವಳು. ಎರಡನ್ನೂ ಆಕೆ ಎಂದೂ ಮರೆಯುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳು ಹೊಸ ಮನೆಗೆ ಹೋದಾಗ ನಾನು ನೋಡಲು ಹೋಗಿದ್ದೆ. ನೆಂಟರು ತುಂಬಿದ್ದರು. ನಾನು ಸುಮ್ಮನೆ, ಕೆಟ್ಟ ಉದ್ದೇಶವೇನೂ ಇಲ್ಲದೆ, ಕುರ್ಚಿ ಹತ್ತಿ ಅವಳ ಬೀರುವಿನ ತಲೆಯ ಮೇಲೆ ಒಂದು ಬೆರಳು ಎಳೆದು, ಆ ಬೆರಳನ್ನು ಎಲ್ಲರಿಗೂ ಕಾಣುವಂತೆ ಹಿಡಿದೆ. ಅವಳು ನಗುತ್ತಲೇ "ಅಕ್ಕ, ಧೂಳು ನೋಡೋಕೇ ಬಂದಿದ್ರೆ ಇನ್ಮೇಲೆ ಬರ್ಲೇಬೇಡ ಬಿಡು" ಅಂದಳು. ನಾನು ನಗದೆ "ಇನ್ನು ನಿನ್ನ ಮನೆ ಹೊಸ್ತಿಲು ತುಳಿದರೆ ಕೇಳು" ಅಂದೆ. ಆಕೆ ಕೇಳುವ ಸಂದರ್ಭವನ್ನು ಹನ್ನೊಂದು ವರ್ಷ ನಾನು ಒದಗಿಸಲಿಲ್ಲ. ನಮ್ಮ ಮನೆತನದಲ್ಲಿ ಬಟ್ಟೆ ಕುಗ್ಗಬಹುದು, ಮಾತು ಕುಗ್ಗುವುದಿಲ್ಲ.

ಹೀಗಿರುವಾಗ ತಂಗಿಗೆ ಮಂಡಿಯ ಶಸ್ತ್ರಚಿಕಿತ್ಸೆ ಎಂದು ಗೊತ್ತಾಯಿತು. ಒಂಟಿ ಹೆಂಗಸು, ಆರು ವಾರ ಯಾರಾದರೂ ಜೊತೆಗಿರಬೇಕು. ನನ್ನ ಸೊಸೆಗೆ ಫೋನು ಮಾಡಿ "ಅಕ್ಕನಿಗೆ ಮಾತ್ರ ಹೇಳ್ಬೇಡ ಕಣೆ" ಎಂದಳಂತೆ, ನಮ್ಮಲ್ಲಿ ಇದಕ್ಕೆ 'ಕೂಡಲೇ ಹೇಳು' ಎಂದೇ ಅರ್ಥ. ಅವಳು ಆಸ್ಪತ್ರೆಯಿಂದ ಮನೆಗೆ ಬರಲು ಮಿಕ್ಕಿದ್ದದ್ದು ಮೂರು ವಾರ. ಹೋಗದಿದ್ದರೆ ತಂಗಿ ಹೋಗುತ್ತಾಳೆ, ಹೋದರೆ ಮಾತು ಹೋಗುತ್ತದೆ. ಎರಡು ದಿನ ಯೋಚಿಸಿದೆ. ಅವಳ ಅಂಗಳದಲ್ಲಿ ಜಾಗವಿದೆ, ಅಂಗಳಕ್ಕೆ ಹೊಸ್ತಿಲಿಲ್ಲ. ನನ್ನದೇ ಹೊಸ್ತಿಲಿರುವ ನನ್ನದೇ ಮನೆಯನ್ನು ತೆಗೆದುಕೊಂಡು ಹೋಗಿ ಅಲ್ಲಿ ನಿಲ್ಲಿಸಿದರೆ ಯಾವ ನ್ಯಾಯಾಲಯವೂ ನನ್ನನ್ನು ತಪ್ಪಿತಸ್ಥಳು ಎನ್ನಲಾರದು. ಹೀಗೆ ದಲ್ಲಾಳಿಯೊಬ್ಬನ ಮೂಲಕ ತಮ್ಮ ವ್ಯಾನು ನನ್ನ ಪಾಲಿಗೆ ಬಂತು.

ಮೊದಲು ನಮ್ಮ ಬೀದಿಯ ಕೊನೆಯ ಗ್ಯಾರೇಜಿನವನಿಗೆ ತೋರಿಸಿದೆ. ಆತ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಂಡು "ಅಮ್ಮಾವ್ರೇ, ಇದು ಗಾಡಿ ಅಲ್ಲ, ಗಾಡಿಯ ಫೋಟೋ. ಎರಡು ತಿಂಗಳು ಬಿಟ್ಟಿರಿ, ನೋಡೋಣ. ಇಲ್ಲಾಂದ್ರೆ ಒಳಗೆ ಕೋಳಿ ಸಾಕಿ, ಗಾಳಿ ಚೆನ್ನಾಗಿ ಆಡುತ್ತೆ" ಅಂದ. ಎರಡು ತಿಂಗಳು ನನ್ನ ಬಳಿ ಇರಲಿಲ್ಲ. ಕೋಳಿಯೂ ಇರಲಿಲ್ಲ. ಒಗೆಯುವ ಯಂತ್ರಗಳ ಬೆಲ್ಟು, ಪಂಪು, ಮೋಟಾರುಗಳನ್ನು ಮೂವತ್ತೆಂಟು ವರ್ಷ ನಾನೇ ಬಿಚ್ಚಿ ಕಟ್ಟಿದವಳು. ಇದೂ ಒಂದು ಚಕ್ರವಿರುವ ಒಗೆಯುವ ಯಂತ್ರ ಎಂದುಕೊಂಡು ನಾನೇ ರಿಪೇರಿಗೆ ಕುಳಿತೆ. ಸಹಾಯಕ್ಕೆ ಸೊಸೆ ರಜೆ ಹಾಕಿದಳು. ಆಕೆ ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುವವಳು, ಕೈ ನಡುಗುವುದಿಲ್ಲ, ಕಡ್ಡಿಯ ತುದಿಗೆ ಪುಟ್ಟ ಕನ್ನಡಿಯಿರುವ ಆಯುಧವೊಂದನ್ನು ತಂದಿದ್ದಳು. ಇಂಜಿನ್ನಿನ ಹಿಂಬದಿ ನೋಡಲು ಅದಕ್ಕಿಂತ ಒಳ್ಳೆಯ ಸಾಧನ ಯಾವ ಗ್ಯಾರೇಜಿನಲ್ಲೂ ಇಲ್ಲ. ಅಭ್ಯಾಸಬಲದಿಂದ ಆಕೆ ಪ್ರತಿ ಸಲವೂ ಇಂಜಿನ್ನಿಗೆ "ಸ್ವಲ್ಪ ದೊಡ್ಡದಾಗಿ ತೆಗೀರಿ" ಎನ್ನುತ್ತಿದ್ದಳು.

ಇಲ್ಲಿಂದ ನನ್ನ ದೂರು ಆರಂಭ.

ರಿಪೇರಿಗೆ ಮುಂಚೆ ಗಾಡಿಯನ್ನು ತೊಳೆಯುವುದು ಸಭ್ಯಸ್ಥರ ಪದ್ಧತಿ. ಸೊಸೆ ಬರುವ ಮೊದಲೇ, ಮೂರು ದಿನ, ಬಿಸಿನೀರು, ಸೋಪು, ಹಳೆಯ ಟವೆಲ್ಲುಗಳನ್ನು ಹಿಡಿದು ನಾನು ಗಾಡಿಯನ್ನು ಒಳಗೂ ಹೊರಗೂ ತಿಕ್ಕಿದೆ. ಚಾವಣಿಯ ಸಂದಿನುದ್ದಕ್ಕೂ ಹೆಬ್ಬೆರಳು ದಪ್ಪದ ಕಪ್ಪು ಕೊಳೆ ಹತ್ತಿತ್ತು. ಚಾಕುವಿನಿಂದ ಕೆರೆದು, ಒಂದು ಎಳೆಯೂ ಉಳಿಯದಂತೆ ತೆಗೆದೆ. ಅದು ಕೊಳೆಯಲ್ಲ, ತಾವು ಎಷ್ಟೋ ವರ್ಷ ಒಂದರ ಮೇಲೊಂದು ಬಳಿದಿದ್ದ, ನೀರು ತಡೆಯುವ ಅಂಟು ಎಂದು ನನಗೆ ತಿಳಿಸಿದ್ದು ನಾಲ್ಕನೆಯ ದಿನದ ಮಳೆ. ಹೊರಗೆ ತುಂತುರು, ಒಳಗೆ ಧಾರೆ. ಕೊಳೆಯಂತೆ ಕಾಣುವ ಅಂಟನ್ನು ಹುಡುಕಿ ತಂದ ತಮ್ಮ ಅಭಿರುಚಿಯನ್ನು ಹೊಗಳಲು ನನ್ನ ಹೈಸ್ಕೂಲಿನ ಕನ್ನಡ ಸಾಲದು.

ಆದರೂ ಅದು ಸಣ್ಣ ವಿಷಯ. ಹೊಸ ಅಂಟು ತಂದು, ಏಣಿ ಹತ್ತಿ, ಎರಡು ದಿನದಲ್ಲಿ ಬಳಿದೆ. ಬಿಳಿಯದು, ನೋಡಿದರೆ ಅಂಟು ಎಂದೇ ಗೊತ್ತಾಗುವಂಥದು. ದೊಡ್ಡ ವಿಷಯ ಒಳಗಿನ ಕಪಾಟುಗಳದು. ಪ್ರತಿಯೊಂದು ಕಪಾಟಿನ ಬಾಗಿಲ ಒಳಮೈಯಲ್ಲಿ, ಡ್ರಾಯರಿನ ಪಕ್ಕದಲ್ಲಿ, ಮಂಚದ ಅಡಿಹಲಗೆಯಲ್ಲಿ, ಒಲೆಯ ಹಿಂದೆ, ಸಣ್ಣ ಅಕ್ಷರದ ಪೆನ್ಸಿಲ್ ಗೀಚು. ಬಿಸಿನೀರಿನ ಹಬೆಗೆ ಮಂಜಾಗುತ್ತದೆ ಎಂದು ನಾನು ಕನ್ನಡಕ ತೆಗೆದಿಟ್ಟಿದ್ದೆ. ಯಾರ ಮನೆಯ ಮಕ್ಕಳೋ, ಬೆಳೆಸಿದವರಿಗೆ ಬುದ್ಧಿಯಿಲ್ಲ ಎಂದು ಬೈದುಕೊಂಡು ಅಷ್ಟನ್ನೂ ಒರೆಸಿದೆ. ಪೆನ್ಸಿಲ್ ಗುರುತು ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನೆರಳೂ ಉಳಿಯಲಿಲ್ಲ.

ಸೊಸೆ ಬಂದವಳು ಕಪಾಟು ತೆರೆದು, ಮುಚ್ಚಿ, ಮತ್ತೆ ತೆರೆದು "ಅತ್ತೆ, ಗಾಡಿ ತಂದ ದಿನ ಇಲ್ಲೆಲ್ಲ ಏನೇನೋ ಬರೆದಿತ್ತಲ್ಲ, ಯಾವ ತಂತಿ ಎಲ್ಲಿಗೆ, ಯಾವ ಫ್ಯೂಸು ಯಾವುದಕ್ಕೆ ಅಂತ. ಎಲ್ಲಿ ಹೋಯ್ತು?" ಎಂದು ಕೇಳಿದಳು. "ಕೊಳೆ ಹೋಗೋ ಕಡೆ ಹೋಯ್ತು" ಅಂದೆ. ಆಕೆ ಕಪಾಟನ್ನು ಮೆಲ್ಲಗೆ ಮುಚ್ಚಿ, ನನ್ನ ಕೈಯಲ್ಲಿದ್ದ ಟವೆಲ್ಲನ್ನು ತೆಗೆದು ದೂರ ಇಟ್ಟಳು. ಒಳ್ಳೆಯ ಮನೆಯ ಹುಡುಗಿ.

ಮಾನ್ಯರೇ, ಇಡೀ ಗಾಡಿಯನ್ನು ತಾವೇ ಬಿಚ್ಚಿ, ತಾವೇ ಕಟ್ಟಿ, ಅದರ ಸಮಸ್ತ ಗುಟ್ಟನ್ನೂ ತಾವು ಅದರ ಮೈಮೇಲೆಯೇ ಬರೆದಿಟ್ಟಿರಿ, ಅದು ಶ್ಲಾಘನೀಯ. ಆದರೆ ಪೆನ್ಸಿಲ್ಲಿನಲ್ಲಿ ಬರೆದಿರಿ. ಮಾರುವಾಗ ಒಂದು ಮಾತು ಹೇಳಿಸಲಿಲ್ಲ. ಒಂದು ದಿನ ಒಬ್ಬ ಸಂಭಾವಿತ ಹೆಂಗಸು ಟವೆಲ್ಲು ಹಿಡಿದು ಒಳಗೆ ಬರುತ್ತಾಳೆ ಎಂಬ ಮುಂದಾಲೋಚನೆ ತಮಗಿರಬೇಕಿತ್ತು. ನಮ್ಮ ಲಾಂಡ್ರಿಯಲ್ಲಿ ಪ್ರತಿ ಬಟ್ಟೆಗೂ ಮಾಸದ ಶಾಯಿಯಲ್ಲಿ ಗುರುತು ಬರೆದ ಬಟ್ಟೆಚೀಟಿ ಕಟ್ಟುತ್ತೇವೆ. ಕುದಿಯುವ ನೀರಿಗೆ ಹಾಕಿದರೂ ಅದು ಜಗ್ಗುವುದಿಲ್ಲ. ಒಂದು ಕರವಸ್ತ್ರಕ್ಕೆ ನಾವು ತೋರಿಸುವ ಗೌರವವನ್ನು ತಾವು ಒಂದು ವಾಹನಕ್ಕೆ ತೋರಿಸಲಿಲ್ಲ.

ನನಗೆ ನೆನಪಿನಲ್ಲಿ ಉಳಿದದ್ದು ಒಂದೇ ವಾಕ್ಯ, ಅದು ತೊಟ್ಟಿಯ ಕೆಳಗಿತ್ತು, ದಪ್ಪ ಅಕ್ಷರದಲ್ಲಿದ್ದುದರಿಂದ ಕನ್ನಡಕವಿಲ್ಲದೆಯೂ ಕಂಡಿತ್ತು: 'ಇದನ್ನು ಮುಟ್ಟಬೇಡ'. ಅದನ್ನೂ ಒರೆಸಿದೆ. ಈಗ ಯಾವುದನ್ನು ಮುಟ್ಟಬಾರದು ಎಂಬುದು ಗೊತ್ತಿಲ್ಲದ ಕಾರಣ, ಒಂದೊಂದಾಗಿ ಎಲ್ಲವನ್ನೂ ಮುಟ್ಟಿ ನೋಡಬೇಕಾಯಿತು.

ಹೇಗೆ ಮಾಡಿದೆವು ಎಂಬುದನ್ನು ತಾವು ತಿಳಿಯತಕ್ಕದ್ದು. ಅಂಗಡಿಯಿಂದ ಬಟ್ಟೆಚೀಟಿಗಳ ಒಂದು ಪೆಟ್ಟಿಗೆ ತರಿಸಿದೆ. ಸೊಸೆ ಒಂದು ಫ್ಯೂಸು ಕೀಳುವುದು, ನಾನು ಒಳಗೆ ಓಡಾಡಿ ಏನು ಸತ್ತಿತು ಎಂದು ನೋಡುವುದು, ಸತ್ತದ್ದರ ಹೆಸರನ್ನು ಮಾಸದ ಶಾಯಿಯಲ್ಲಿ ಬರೆದು ಆ ತಂತಿಗೆ ಚೀಟಿ ಕಟ್ಟುವುದು. "ಅತ್ತೆ, ಈಗ?" "ಓದೋ ದೀಪ ಹೋಯ್ತು." "ಈಗ?" "ಏನೂ ಹೋಗಿಲ್ಲ. ತಾಳು, ರೇಡಿಯೋ ಹೋಯ್ತು, ಒಳ್ಳೇದಾಯ್ತು." ಹೀಗೆ ಐದು ದಿನದಲ್ಲಿ ಅರವತ್ತೊಂದು ಚೀಟಿ. ನಡುವೆ ಬ್ರೇಕಿನ ಎಣ್ಣೆ ಬದಲಿಸಿದೆವು, ಬೆಲ್ಟು ಬದಲಿಸಿದೆವು, ಜಾರುಬಾಗಿಲ ಹಳಿಯಿಂದ ಒಂದು ಚಮಚ, ಎರಡು ಗುಂಡಿ ಮತ್ತು ತಮ್ಮದಿರಬಹುದಾದ ಒಂದು ಹಲ್ಲುಜ್ಜುವ ಬ್ರಷ್ಷು ತೆಗೆದೆವು. ಗ್ಯಾರೇಜಿನವನು ದಿನಾ ಸಂಜೆ ಬಂದು ಕೈಕಟ್ಟಿ ನಿಂತು "ಏನಮ್ಮಾವ್ರೇ, ಗಾಡಿ ಒಣಗೋಕೆ ಹಾಕಿದೀರಾ?" ಎಂದು ಕೇಳುತ್ತಿದ್ದ. ಹದಿನೇಳನೆಯ ದಿನ ಇಂಜಿನ್ನು ಹೊತ್ತಿಕೊಂಡಿತು. ಆತ ಕಟ್ಟಿದ ಕೈ ಬಿಡಿಸಿಕೊಂಡು, ಚಕ್ರಗಳಿಗೆ ತಾನೇ ಗಾಳಿ ತುಂಬಿ, ಬ್ರೇಕನ್ನು ಒಮ್ಮೆ ಪರೀಕ್ಷಿಸಿ ಹೋದ. ಅದನ್ನು ನಾನು ಕ್ಷಮಾಪಣೆ ಎಂದು ಸ್ವೀಕರಿಸಿದೆ.

ಒಂದೇ ಒಂದು ಕಡೆ ತಪ್ಪಾಯಿತು, ಅದರಲ್ಲಿ ಅರ್ಧ ನನ್ನದು ಎಂದು ಒಪ್ಪುತ್ತೇನೆ, ಕಾಲು ಭಾಗ ಎಂದರೂ ಸರಿ. ನೀರಿನ ಪಂಪಿಗೂ ಹಾರನ್ನಿಗೂ ತಾವು ಒಂದೇ ಬಣ್ಣದ ಹಳದಿ ತಂತಿ ಬಳಸಿದ್ದಿರಿ, ಮತ್ತೆ ಕಟ್ಟುವಾಗ ನಾನು ಅವನ್ನು ಅದಲುಬದಲು ಮಾಡಿದೆ. ಪರಿಣಾಮವಾಗಿ ನಲ್ಲಿ ತಿರುಗಿಸಿದರೆ ಹಾರನ್ನು ಕೂಗುತ್ತಿತ್ತು, ಹಾರನ್ನು ಒತ್ತಿದರೆ ತೊಟ್ಟಿಗೆ ನೀರು ಬೀಳುತ್ತಿತ್ತು. ಸರಿಪಡಿಸಲು ದಿನವಿರಲಿಲ್ಲ, ಮರುದಿನ ತಂಗಿ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಆದ್ದರಿಂದ ಸೊಸೆ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ತೊಟ್ಟಿಯ ಪಕ್ಕ ಕುಳಿತಳು; ನಾನು ಮುಂದಿನಿಂದ "ನಲ್ಲಿ" ಅಂದಾಗಲೆಲ್ಲ ಆಕೆ ನಲ್ಲಿ ತಿರುಗಿಸುವುದು, ಎದುರಿನ ಲಾರಿ ದಾರಿ ಬಿಡುವುದು. ತಿರುವಿನಲ್ಲಿ ಒಂದು ಎಮ್ಮೆ ಮಾತ್ರ ಎಷ್ಟು ನಲ್ಲಿಗೂ ಜಗ್ಗಲಿಲ್ಲ. ಇನ್ನೂರ ಹತ್ತು ಕಿಲೋಮೀಟರು ನಾವು ಹೀಗೆ ಹೋದೆವು. ಲೋಟ ತೊಳೆಯುವ ನೆವದಿಂದ ಇಷ್ಟು ವಾಹನಗಳನ್ನು ಪಕ್ಕಕ್ಕೆ ಸರಿಸಿದವರು ಜಗತ್ತಿನಲ್ಲಿ ನಮ್ಮನ್ನು ಬಿಟ್ಟರೆ ಇನ್ಯಾರೂ ಇರಲಾರರು, ಈ ಕೀರ್ತಿಯಲ್ಲಿ ತಮ್ಮ ಪಾಲನ್ನು ತಾವು ಪಡೆಯಬೇಕು.

ತಂಗಿಯ ಅಂಗಳದಲ್ಲಿ, ಅವಳ ಬಾಗಿಲಿಗೆ ಎದುರಾಗಿ ನನ್ನ ಬಾಗಿಲು ಬರುವಂತೆ ಗಾಡಿ ನಿಲ್ಲಿಸಿದೆ. ಅವಳು ಕಿಟಕಿಯಿಂದ ನೋಡಿ "ಬಂದ್ಯಾ?" ಅಂದಳು. "ಅಂಗಳಕ್ಕೆ ಬಂದೆ" ಅಂದೆ. "ಹಾರನ್ ಯಾಕೆ ಅಷ್ಟು ಹೊಡೀತೀಯ, ಕಿವುಡಿ ಅಲ್ಲ ನಾನು, ಕುಂಟಿ." "ಪಾತ್ರೆ ತೊಳೀತಿದ್ವಿ." ಹನ್ನೊಂದು ವರ್ಷದ ನಂತರ ನಮ್ಮ ಮೊದಲ ಮಾತುಕತೆ ಇದು.

ಒಂಬತ್ತು ದಿನ ಎಲ್ಲವೂ ಕಿಟಕಿಯಲ್ಲೇ ನಡೆಯಿತು. ಒಳಗೆ ಅವಳನ್ನು ಎಬ್ಬಿಸಿ ಕೂರಿಸುವುದು ಸೊಸೆಯ ಕೆಲಸ. ನಾನು ಗಾಡಿಯಲ್ಲಿ ಬೇಯಿಸಿ, ಕಿಟಕಿಯಲ್ಲಿ ತಟ್ಟೆ ಕೊಟ್ಟು, ಕಿಟಕಿಯಲ್ಲೇ ಗದರಿಸಿ, ಕಿಟಕಿಯಲ್ಲೇ ಅವಳ ಜಡೆ ಹೆಣೆದೆ. ಹತ್ತನೆಯ ದಿನ ಸೊಸೆಯ ರಜೆ ಮುಗಿಯುವುದಿತ್ತು, ಅದೇ ದಿನ ವೈದ್ಯರು ಇನ್ನು ನಡೆಯಲೇಬೇಕು, ದಿನಕ್ಕೆ ಇಪ್ಪತ್ತು ಹೆಜ್ಜೆಯಾದರೂ ಸರಿ, ಇಲ್ಲದಿದ್ದರೆ ಮಂಡಿ ಮರಗಟ್ಟುತ್ತದೆ ಎಂದರು. ತಂಗಿಗೆ ಭಯ. "ನಾಳೆ ನಡೀತೀನಿ" ಎಂದು ಮಲಗಿಯೇ ಇದ್ದಳು. ಪಕ್ಕದಲ್ಲಿ ನಿಂತು ಎಬ್ಬಿಸಲು ಇನ್ನು ಯಾರೂ ಇರುವುದಿಲ್ಲ. ಇರುವವಳು ಹೊಸ್ತಿಲ ಈಚೆ. ಆ ಬೆಳಿಗ್ಗೆ ನಾನು ಅವಳ ಬಾಗಿಲ ಮುಂದೆ ನಿಂತು ಆ ಮರದ ಪಟ್ಟಿಯನ್ನು ಬಹಳ ಹೊತ್ತು ನೋಡಿದೆ ಎಂಬುದನ್ನು ತಮಗೆ ಮಾತ್ರ ಹೇಳುತ್ತಿದ್ದೇನೆ, ಪತ್ರಿಕೆ ಓದುವ ಉಳಿದವರು ಈ ಸಾಲನ್ನು ಬಿಟ್ಟು ಓದತಕ್ಕದ್ದು. ಎತ್ತಿದ ಕಾಲನ್ನು ಹೇಗೆ ಇಳಿಸಲಿ ಎಂದು ನಾನು ನಿಂತಿರುವಾಗಲೇ ಒಳಗಿನಿಂದ ತಂಗಿ "ಅಲ್ಲೇ ನಿಲ್ಲು. ಮಾತು ಕೊಟ್ಟವಳು ನೀನು. ನಾನೇನೂ ನಿನ್ನ ಮನೆಗೆ ಬರಲ್ಲ ಅಂತ ಹೇಳಿಲ್ಲ" ಅಂದಳು.

ಬರುವುದೇನೋ ಸರಿ, ಹತ್ತುವುದು ಹೇಗೆ? ತಮ್ಮ ಗಾಡಿಯ ಮೆಟ್ಟಿಲು ಮಂಡಿಯ ಎತ್ತರಕ್ಕಿದೆ. ಆಗ ಸೊಸೆಗೆ ಮಂಚದ ಕೆಳಗಿದ್ದ ಒಂದು ಹಲಗೆ ನೆನಪಾಯಿತು. ಆಳುದ್ದಕ್ಕಿಂತ ಉದ್ದ, ಒಂದು ತುದಿಗೆ ಎರಡು ಕಬ್ಬಿಣದ ಕೊಕ್ಕೆ, ಮೇಲೆ ಜಾರದಂತೆ ಹಳೆಯ ಟೈರಿನ ರಬ್ಬರು. ಅದು ಏತಕ್ಕೆಂದು ಅದರ ಮೇಲೆಯೂ ತಾವು ಬರೆದಿದ್ದಿರಬೇಕು, ಅದನ್ನೂ ನಾನು ಶುಭ್ರ ಮಾಡಿದ್ದೆ. ಇಸ್ತ್ರಿ ಹಲಗೆಯಿರಬೇಕು ಎಂದುಕೊಂಡು ಎಸೆಯದೆ ಉಳಿಸಿದ್ದೆ. ಸೊಸೆ ಅದನ್ನು ಹೊರಗೆಳೆದು, ಬಾಗಿಲ ಅಂಚಿನಲ್ಲಿ ಏತಕ್ಕೂ ಬೇಡದ ಎರಡು ತೂತುಗಳೆಂದು ನಾನು ದಿನಾ ಗೊಣಗುತ್ತಿದ್ದ ತೂತುಗಳಿಗೆ ಕೊಕ್ಕೆ ಇಳಿಸಿದಳು. ಟಕ್ಕೆಂದು ಕುಳಿತಿತು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತಂಗಿ ಕೈಯಾಸರೆಯ ಚೌಕಟ್ಟು ಹಿಡಿದು ಹೊರಟಳು. ಅವಳ ಹೊಸ್ತಿಲಿನಿಂದ ನನ್ನ ಹೊಸ್ತಿಲಿಗೆ ಹದಿನೆಂಟು ಹೆಜ್ಜೆ. ದಾರಿಯುದ್ದಕ್ಕೂ ನನ್ನನ್ನು ಬೈದಳು, ಆದ್ದರಿಂದ ಉಸಿರು ಚೆನ್ನಾಗಿದೆ ಎಂದು ನಾವು ಸಮಾಧಾನಪಟ್ಟೆವು. ಹಲಗೆ ಹತ್ತಿ, ಒಳಗೆ ಬಂದು, ನೆಟ್ಟಗೆ ನಿಂತು, ಸುತ್ತ ಒಮ್ಮೆ ನೋಡಿ, ನನಗಿಂತ ನಾಲ್ಕು ಬೆರಳು ಎತ್ತರದ ಆ ನನ್ನ ತಂಗಿ ಮಾಡಿದ ಮೊದಲ ಕೆಲಸವೇನು ಗೊತ್ತೇ? ಎತ್ತರದ ಕಪಾಟಿನ ತಲೆಯ ಮೇಲೆ ಒಂದು ಬೆರಳು ಎಳೆದು, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದದ್ದು. ಬೆರಳು ಕಪ್ಪಾಗಿತ್ತು. ಮೂರು ದಿನ ತಿಕ್ಕಿದ ಗಾಡಿಯಲ್ಲಿ ನನ್ನ ಕಣ್ಣಿಗೆ ಎಟುಕದೆ ಉಳಿದ ಏಕೈಕ ಜಾಗವನ್ನು ಆಕೆ ಒಂದೇ ಏಟಿಗೆ ಕಂಡುಹಿಡಿದಳು. ಹನ್ನೊಂದು ವರ್ಷ ಈ ಬೆರಳನ್ನು ಸಾಕಿಕೊಂಡು ಬಂದಿದ್ದಳು.

ಆಮೇಲೆ ಕತ್ತು ನಿಗುರಿಸಿ "ಅಕ್ಕ, ಇಲ್ಲೇನೋ ಪೆನ್ಸಿಲ್‌ನಲ್ಲಿ ಬರೆದಿದೆ" ಅಂದಳು. ನಾನು ಸ್ಟೂಲು ಹತ್ತಿ, ಕನ್ನಡಕ ಹಾಕಿ, ತಮ್ಮ ಅಕ್ಷರವನ್ನು ಮೊದಲ ಸಲ ಸರಿಯಾಗಿ ಓದಿದೆ:

'ಹಲಗೆಯ ಕೊಕ್ಕೆ ಬಾಗಿಲ ತೂತಿಗೆ. ಅವಳು ಇಳಿಯುವಾಗ ಎದುರು ನಿಲ್ಲಬೇಡ, ಬೈಯುತ್ತಾಳೆ. ಎಡಗಡೆ ನಿಂತು ಕೈ ಕೊಡು. ಕೈ ಕೊಟ್ಟೆ ಅಂತ ಹೇಳಬೇಡ.'

ಮಾನ್ಯರೇ, ತಮ್ಮ ಮನೆಯವರ ಮಂಡಿ ಈಗ ಹೇಗಿದೆ? ತಾವು ಗಾಡಿ ಮಾರಿದ್ದು ಏಕೆ ಎಂದು ಕೇಳುವುದು ನನ್ನ ಹಕ್ಕಲ್ಲ, ಕೇಳುವುದಿಲ್ಲ. ನಾನು ಹೇಳಬೇಕಾದದ್ದು ಇಷ್ಟೆ: ಅರ್ಧ ಗಂಟೆಯ ನಂತರ ತಂಗಿ ಇಳಿಯುವಾಗ ನಾನು ತಾವು ಹೇಳಿದಂತೆಯೇ ಎಡಗಡೆ ನಿಂತು ಕೈ ಕೊಟ್ಟೆ, ಕೊಟ್ಟೆ ಎಂದು ಹೇಳಲಿಲ್ಲ. ಆದರೂ ಬೈದಳು. ಆದ್ದರಿಂದ ತಮ್ಮ ಸೂಚನೆಯಲ್ಲಿ ದೋಷವಿದೆ, ಅದನ್ನು ತಿದ್ದಿಕೊಡುವುದು ತಮ್ಮ ಹೊಣೆ. ಆ ದಿನದಿಂದ ದಿನಾ ಬೆಳಿಗ್ಗೆ ಹದಿನೆಂಟು ಹೆಜ್ಜೆ ಬರುತ್ತಾಳೆ, ಹದಿನೆಂಟು ಹೆಜ್ಜೆ ಹೋಗುತ್ತಾಳೆ, ಮೂವತ್ತಾರು. ವೈದ್ಯರು ಆಶ್ಚರ್ಯಪಟ್ಟರು. ಅಕ್ಕನ ಮನೆಯಲ್ಲಿ ತಪ್ಪು ಹುಡುಕಲು ಸಿಗುವ ಉತ್ಸಾಹ ಯಾವ ಮಾತ್ರೆಯಲ್ಲಿದೆ?

ಕಡೆಯದಾಗಿ ನನ್ನ ಬೇಡಿಕೆಗಳು. ತಾವು ಈ ಪತ್ರ ಕಂಡ ಕೂಡಲೇ ಬಂದು, ಒರೆಸಿಹೋದ ಎಲ್ಲ ಸಾಲುಗಳನ್ನೂ ಅದೇ ಜಾಗದಲ್ಲಿ ಅದೇ ಅಕ್ಷರದಲ್ಲಿ ನೆನಪಿನಿಂದ ಮತ್ತೆ ಬರೆಯತಕ್ಕದ್ದು; ಶಾಯಿ ನಾನು ಕೊಡುತ್ತೇನೆ. ಮುಟ್ಟಬಾರದು ಎಂದಿದ್ದದ್ದು ಯಾವುದೆಂದು ತಿಳಿಸತಕ್ಕದ್ದು, ಏಕೆಂದರೆ ಮುಟ್ಟಿಯಾಗಿದೆ, ಏನಾಗಬೇಕಿತ್ತೋ ಅದಿನ್ನೂ ಆಗಿಲ್ಲ, ನಮಗೆ ಕಾದು ಕಾದು ಬೇಸರವಾಗುತ್ತಿದೆ. ಮುಂದೆ ತಾವು ಯಾವ ಗಾಡಿಯನ್ನು ಮಾರಿದರೂ ಅದರೊಂದಿಗೆ ತಮ್ಮನ್ನೂ ಸೇರಿಸಿಯೇ ಮಾರತಕ್ಕದ್ದು. ಬರುವಾಗ ತಮ್ಮ ಮನೆಯವರನ್ನೂ ಕರೆತರಬೇಕು. ಹಲಗೆ ಸಿದ್ಧವಿದೆ. ಎಡಗಡೆ ನಿಲ್ಲಲು ಈಗ ಇಬ್ಬರಿದ್ದೇವೆ.

ತೊಳೆದ ಕೈಯಿಂದಲೇ ಸಹಿ ಮಾಡುತ್ತಿರುವ,
ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಇರುವ,
ವ್ಯಾನಿನ ಈಗಿನ ಮಾಲೀಕಳು

ಮರೆತ ಮಾತು: ಕಪಾಟಿನ ಮೇಲಿನ ಆ ಸಾಲನ್ನು ನಾನು ಒರೆಸಿಲ್ಲ, ಅದರ ಸುತ್ತಲಿನ ಧೂಳನ್ನು ಮಾತ್ರ ತೆಗೆದಿದ್ದೇನೆ. ಮಾತು ಕೊಟ್ಟಂತೆ ತಂಗಿಯ ಹೊಸ್ತಿಲನ್ನೂ ಈವರೆಗೆ ತುಳಿದಿಲ್ಲ. ಆದರೆ ನನ್ನ ಸ್ಟೂಲಿನ ಮೇಲೆ ನಿಂತು ನನ್ನ ಕಿಟಕಿಯಿಂದ ನೋಡಿದರೆ, ಅವಳ ಕಿಟಕಿಯೊಳಗಿನ ಬೀರುವಿನ ತಲೆ ಚೆನ್ನಾಗಿ ಕಾಣುತ್ತದೆ. ಹನ್ನೊಂದು ವರ್ಷದ ಹಿಂದೆ ನಾನು ಎಳೆದ ಬೆರಳಿನ ಗೆರೆಯೂ ಅಲ್ಲೇ ಇರುವಂತಿದೆ.